ಒಂದು ಟವರ್, ನೂರಾರು ಫೋನು: ನಮ್ಮ ಕಣಿವೆಯಲ್ಲಿ ಬ್ಯಾಂಡ್‌ವಿಡ್ತ್ ಹೇಗೆ ಹಂಚಿಕೆಯಾಗುತ್ತಿದೆ?

ಕಕ್ಕಬ್ಬೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಕ್ಕಬ್ಬೆಯಿಂದ ಮೇಲಕ್ಕೆ, ತಡಿಯಂಡಮೋಳ್ ಬೆಟ್ಟದ ಬುಡದ ಕಡೆಗೆ ಹೋಗುವ ದಾರಿಯಲ್ಲಿ, ತೋಟದ ನಡುವೆ ಇದೆ. ನಮ್ಮ ಕಣಿವೆಯಲ್ಲಿ ಕೆಲಸಕ್ಕೆ ಬರುವ ಟವರ್ ಒಂದೇ. ಕಳೆದ ಹದಿನೈದು ದಿನಗಳಿಂದ ನಾನು ಇಂಟರ್ನೆಟ್ ವೇಗವನ್ನು ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ ನಮ್ಮ ಜಗಲಿಯಲ್ಲಿ ಸೆಕೆಂಡಿಗೆ ಸುಮಾರು 6 ಮೆಗಾಬಿಟ್ ಸಿಗುತ್ತದೆ. ರಾತ್ರಿ ಎಂಟಕ್ಕೆ ಅದೇ ಜಗಲಿಯಲ್ಲಿ, ಅದೇ ಫೋನಿನಲ್ಲಿ 0.4. ಕೆಳಗೆ, ಟವರ್ ಎದುರಿಗೇ ಕಾಣುವ ಅಂಗಡಿಯ ಮುಂದೆ ನಿಂತು ಅಳೆದರೆ ಬೆಳಿಗ್ಗೆ 26, ರಾತ್ರಿ 1.7. ನಾವೂ ಅಂಗಡಿಯವರೂ ಕಟ್ಟುವ ಹಣ ಒಂದೇ, ಹಾಕಿಸಿಕೊಳ್ಳುವ ರೀಚಾರ್ಜ್ ಒಂದೇ.

ಊರಿನವರೆಲ್ಲ ಸೇರಿ ಕಂಪನಿಗೆ ಮನವಿ ಕೊಡಬೇಕೆಂದು ತೀರ್ಮಾನಿಸಿದ್ದೇವೆ. ಮನವಿಯಲ್ಲಿ ಏನು ಕೇಳಬೇಕು ಎಂಬ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಪ್ರತಿಯೊಂದು ಫೋನಿಗೂ ಸರಿಸಮನಾದ ವೇಗ ಕೊಡಿ, ಯಾರಿಗೂ ಹೆಚ್ಚು ಬೇಡ, ಯಾರಿಗೂ ಕಡಿಮೆ ಬೇಡ ಎಂದು ಕೇಳುವುದೇ ನ್ಯಾಯವೆಂದು ಹೆಚ್ಚಿನವರ ಅಭಿಪ್ರಾಯ. ನನಗೂ ಹಾಗೆಯೇ ಅನ್ನಿಸುತ್ತದೆ. ಈ ವಿಷಯವನ್ನು ತಿಳಿದವರು ನಮ್ಮ ಬೇಡಿಕೆ ಸರಿಯೇ ಎಂದು ದಯವಿಟ್ಟು ಹೇಳಿ.

ನೆಟ್‌ವರ್ಕ್ ಎಂಜಿನಿಯರ್, ಮೈಸೂರು

ನಾನು ಸೋಮವಾರಪೇಟೆ ಕಡೆಯವನು. ಮೊಬೈಲ್ ಜಾಲಗಳ ರೇಡಿಯೋ ಯೋಜನೆಯ ಕೆಲಸದಲ್ಲಿ ಬಹಳ ವರ್ಷ ಇದ್ದೇನೆ. ನೀವು ಬರೆದಿಟ್ಟಿರುವ ನಾಲ್ಕು ಅಂಕಿಗಳು ಬಹಳ ಬೆಲೆಯುಳ್ಳವು. ಉತ್ತರಿಸುವ ಮೊದಲು ಇನ್ನೊಂದು ಮಾಹಿತಿ ಬೇಕು. ಫೋನಿನ ಮೇಲ್ಭಾಗದಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಸಿಗ್ನಲ್ ಅಳೆಯುವ ಆ್ಯಪ್ ಒಂದನ್ನು ಹಾಕಿಕೊಂಡು, ಎರಡೂ ಜಾಗಗಳಲ್ಲಿ ಆರ್‌ಎಸ್‌ಆರ್‌ಪಿ ಮತ್ತು ಎಸ್‌ಐಎನ್‌ಆರ್ ಎಂಬ ಎರಡು ಸಂಖ್ಯೆಗಳನ್ನು ನೋಡಿ ತಿಳಿಸಿ. ಮೊದಲನೆಯದು ಟವರಿನಿಂದ ನಿಮಗೆ ತಲುಪುವ ಬಲ. ಎರಡನೆಯದು ಆ ಬಲ ಸುತ್ತಲಿನ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದು. ಎರಡೂ ಕಡೆ ಒಂದೇ ಬ್ಯಾಂಡ್, ಅಂದರೆ ಒಂದೇ ಆವರ್ತನ ಪಟ್ಟಿ, ಇದೆಯೇ ಎಂಬುದನ್ನೂ ನೋಡಿ.

ಕಕ್ಕಬ್ಬೆಯ ಬೆಳೆಗಾರ

ನೋಡಿದೆ ಸರ್. ಜಗಲಿಯಲ್ಲಿ ಮೈನಸ್ 114 ಮತ್ತು 1. ಅಂಗಡಿಯ ಮುಂದೆ ಮೈನಸ್ 88 ಮತ್ತು 17. ಎರಡೂ ಕಡೆ 1800 ಮೆಗಾಹರ್ಟ್ಸ್, ಅಗಲ 10 ಮೆಗಾಹರ್ಟ್ಸ್ ಎಂದು ತೋರಿಸುತ್ತಿದೆ.

ನೆಟ್‌ವರ್ಕ್ ಎಂಜಿನಿಯರ್, ಮೈಸೂರು

ಹಾಗಾದರೆ ನಿಮ್ಮ ಟವರಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಮನವಿಯ ಬೇಡಿಕೆ ಇದರ ಮೇಲೆಯೇ ನಿಂತಿದೆ.

4ಜಿ ಟವರ್ ತನ್ನ ಬಳಿಯಿರುವ ಆವರ್ತನವನ್ನು 180 ಕಿಲೋಹರ್ಟ್ಸ್ ಅಗಲದ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿಕೊಳ್ಳುತ್ತದೆ. 10 ಮೆಗಾಹರ್ಟ್ಸ್ ಇದ್ದರೆ ಅಂತಹ 50 ತುಂಡುಗಳು ಸಿಗುತ್ತವೆ. ಈ 50 ತುಂಡುಗಳನ್ನು ಯಾವ ಯಾವ ಫೋನಿಗೆ ಕೊಡಬೇಕೆಂದು ಟವರಿನಲ್ಲಿರುವ ಷೆಡ್ಯೂಲರ್ ಪ್ರತಿ ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸಾವಿರ ಸಲ ಹೊಸದಾಗಿ ತೀರ್ಮಾನಿಸುತ್ತದೆ. ಹಂಚಿಕೆಯಾಗುವ ವಸ್ತು ಈ ಹೊತ್ತು ಮತ್ತು ಈ ತುಂಡುಗಳೇ ಹೊರತು ಮೆಗಾಬಿಟ್ ಅಲ್ಲ. ಒಂದು ತುಂಡಿನಲ್ಲಿ ಎಷ್ಟು ಬಿಟ್ ತುಂಬಬಹುದು ಎಂಬುದನ್ನು ಆ ಫೋನಿಗೆ ಕೇಳಿಸುವ ಸಿಗ್ನಲ್‌ನ ಸ್ಪಷ್ಟತೆಯೇ ನಿರ್ಧರಿಸುತ್ತದೆ. ಇದರ ಮೂಲ ನಿಯಮವನ್ನು ಕ್ಲಾಡ್ ಶಾನನ್ 1948ರಲ್ಲಿಯೇ ಬರೆದಿಟ್ಟರು. ಫೋನು ತನಗೆ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ ಎಂಬುದನ್ನು 15 ಮೆಟ್ಟಿಲುಗಳ ಒಂದು ಅಳತೆಯಲ್ಲಿ ಟವರಿಗೆ ಆಗಾಗ ವರದಿ ಮಾಡುತ್ತಿರುತ್ತದೆ. ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ಒಂದು ಹರ್ಟ್ಸ್ ಅಗಲಕ್ಕೆ ಸೆಕೆಂಡಿಗೆ 0.15 ಬಿಟ್ ಮಾತ್ರ ಸಾಗುತ್ತದೆ. ಅತ್ಯಂತ ಮೇಲಿನದರಲ್ಲಿ 5.55 ಬಿಟ್. ಮೂವತ್ತಾರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ನಿಮ್ಮ ಜಗಲಿ ಸುಮಾರು ಐದನೆಯ ಮೆಟ್ಟಿಲಿನಲ್ಲಿದೆ, ಅಂಗಡಿ ಹನ್ನೆರಡನೆಯದರಲ್ಲಿದೆ. ನಿಯಂತ್ರಣ ಸಂದೇಶಗಳಿಗೆ ಹೋಗುವ ಪಾಲನ್ನು ಕಳೆದರೆ ನಿಮಗೆ 6, ಅಂಗಡಿಗೆ 26 ಬರುವುದು ಲೆಕ್ಕಕ್ಕೆ ಸರಿಹೊಂದುತ್ತದೆ. ಬೆಳಿಗ್ಗೆ ಐದೂವರೆಗೆ ಟವರ್ ಹೆಚ್ಚುಕಡಿಮೆ ನಿಮ್ಮೊಬ್ಬರದೇ.

ಈಗ ರಾತ್ರಿಯ ಅಂಕಿಗಳನ್ನು ನೋಡಿ. 6ನ್ನು 15ರಿಂದ ಭಾಗಿಸಿದರೆ 0.4, 26ನ್ನು 15ರಿಂದ ಭಾಗಿಸಿದರೆ 1.7. ಎರಡೂ ಕಡೆ ವೇಗ ಒಂದೇ ಪ್ರಮಾಣದಲ್ಲಿ ಇಳಿದಿದೆ. ಅಂದಾಜಿನಲ್ಲಿ ಹೇಳುವುದಾದರೆ, ರಾತ್ರಿ ಎಂಟಕ್ಕೆ ಸುಮಾರು 15 ಫೋನುಗಳು ಏಕಕಾಲಕ್ಕೆ ಎಡೆಬಿಡದೆ ದತ್ತಾಂಶ ಎಳೆಯುತ್ತಿವೆ, ಟವರ್ ಅವೆಲ್ಲಕ್ಕೂ ಸಮನಾದ ಹೊತ್ತನ್ನು ಕೊಡುತ್ತಿದೆ. ನಿಮಗೆ ಅನ್ಯಾಯವಾಗಿ ಕಡಿಮೆ ಸರದಿ ಸಿಗುತ್ತಿದೆ ಎನ್ನಲು ಈ ಅಂಕಿಗಳಲ್ಲಿ ಆಧಾರವಿಲ್ಲ. ಸರದಿ ಸಮನಾಗಿಯೇ ಬರುತ್ತಿದೆ. ಆ ಸರದಿಯಲ್ಲಿ ನಿಮ್ಮ ಮನೆಗೆ ತಲುಪುವ ಬಿಟ್‌ಗಳು ಕಡಿಮೆ.

ಇನ್ನು, ಎಲ್ಲರಿಗೂ ಸರಿಸಮ ವೇಗ ಕೊಡಿ ಎಂಬ ಬೇಡಿಕೆ. ಅಂಗಡಿ ಒಂದೇ ಇದ್ದರೆ 26, ನೀವೊಬ್ಬರೇ ಇದ್ದರೆ 6, ಕಣಿವೆಯ ಆಚೆ ಬದಿಯಲ್ಲಿ, ದಿಣ್ಣೆಯ ಮರೆಯಲ್ಲಿರುವ ಮೂರನೆಯ ಮನೆಯೊಂದೇ ಇದ್ದರೆ 1 ಮೆಗಾಬಿಟ್ ಸಿಗುತ್ತದೆ ಎಂದುಕೊಳ್ಳಿ. ಮೂವರಿಗೂ ಸಮನಾದ ಹೊತ್ತು ಕೊಟ್ಟರೆ ಕ್ರಮವಾಗಿ 8.7, 2 ಮತ್ತು 0.33 ಬರುತ್ತದೆ. ಸಮನಾದ ವೇಗವನ್ನೇ ಕೊಡಬೇಕೆಂದು ಹಟ ಹಿಡಿದರೆ ಮೂವರಿಗೂ 0.83 ಬರುತ್ತದೆ, ಏಕೆಂದರೆ ಆ ಮೂರನೆಯ ಮನೆಯೊಂದಕ್ಕೇ ಟವರಿನ ಹೊತ್ತಿನಲ್ಲಿ ನೂರಕ್ಕೆ 83 ಭಾಗ ಹೋಗುತ್ತದೆ. ಮೂರನೆಯವರ ವೇಗ 0.33ರಿಂದ 0.83ಕ್ಕೆ ಏರುತ್ತದೆ, ಅದಕ್ಕಾಗಿ ನೀವು 2ರಿಂದ 0.83ಕ್ಕೆ ಇಳಿಯಬೇಕಾಗುತ್ತದೆ. ಹಂಚುವವನು ಇನ್ನೊಂದು ತುದಿಗೂ ಹೋಗಬಹುದು: ಯಾರಿಗೆ ಸ್ಪಷ್ಟವಾಗಿ ಕೇಳಿಸುತ್ತದೆಯೋ ಅವರಿಗೇ ಎಲ್ಲವನ್ನೂ ಕೊಟ್ಟರೆ ಟವರಿನಿಂದ ಹೊರಡುವ ಒಟ್ಟು ದತ್ತಾಂಶ ಅತಿ ಹೆಚ್ಚು, ಆದರೆ ನೀವಿಬ್ಬರೂ ಉಪವಾಸ. ಹೀಗೆ ಮಾಡುವುದು ತಾಂತ್ರಿಕವಾಗಿ ಸುಲಭ, ನೈತಿಕವಾಗಿ ತಪ್ಪು.

ಇವೆರಡರ ನಡುವಿನ ದಾರಿಯನ್ನು ಪ್ರಮಾಣಾನುಗುಣ ನ್ಯಾಯ ಎನ್ನುತ್ತಾರೆ. ಒಂದು ಫೋನಿಗೆ ಈ ಕ್ಷಣದಲ್ಲಿ ಸಿಗಬಹುದಾದ ವೇಗವನ್ನು ಅದಕ್ಕೆ ಈಚೆಗೆ ಸಿಕ್ಕಿರುವ ಸರಾಸರಿ ವೇಗದಿಂದ ಭಾಗಿಸಿ, ಆ ಭಾಗಲಬ್ಧ ಯಾರದು ಹೆಚ್ಚೋ ಅವರಿಗೆ ಸರದಿ ಕೊಡುವುದು ಇದರ ಕ್ರಮ. ಕಾದು ಕಾದು ಸರಾಸರಿ ಇಳಿದವರಿಗೆ ತಾನಾಗಿಯೇ ಸರದಿ ಬರುತ್ತದೆ. ಸಿಗ್ನಲ್ ಏರಿಳಿಯುತ್ತಿದ್ದರೆ, ಪ್ರತಿಯೊಬ್ಬರಿಗೂ ಅವರ ಸಿಗ್ನಲ್ ಏರಿದ ಕ್ಷಣದಲ್ಲಿಯೇ ಸರದಿ ಬೀಳುವುದರಿಂದ ಎಲ್ಲರಿಗೂ ಲಾಭವಾಗುತ್ತದೆ. ನಮ್ಮ ಬೆಟ್ಟಗಳಲ್ಲಿ, ಜಗಲಿಯಲ್ಲಿ ಅಲುಗಾಡದೆ ಇರುವ ಫೋನಿನ ಸಿಗ್ನಲ್ ಅಷ್ಟಾಗಿ ಏರಿಳಿಯದ ಕಾರಣ ಆ ಲಾಭ ಕಡಿಮೆ. ಹಂಚಿಕೆ ಬರಿಯ ಸಮಾನ ಹೊತ್ತಿಗೆ ಬಂದು ನಿಲ್ಲುತ್ತದೆ.

ಕಕ್ಕಬ್ಬೆಯ ಬೆಳೆಗಾರ

ಸರ್, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ನಮ್ಮ ತೋಟಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಪ್ರತಿ ವರ್ಷ ಬರುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ನಾಲ್ಕು ಮನೆಗೆ ಒಂದೇ ಕೆರೆ. ಕೆರೆಯ ಪಕ್ಕದ ತೋಟಕ್ಕೆ ಎಂಟು ಗಂಟೆ ಮೋಟರ್ ಓಡಿಸಿದರೆ ಗಿಡಕ್ಕೆ ಬೇಕಾದಷ್ಟು ನೀರು ಸಿಗುತ್ತದೆ. ದಿಣ್ಣೆಯ ಮೇಲಿನ ತೋಟಕ್ಕೆ ಅದೇ ಎಂಟು ಗಂಟೆಯಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ಹೊತ್ತನ್ನು ಸಮ ಮಾಡಬೇಕೋ, ಬೀಳುವ ನೀರನ್ನು ಸಮ ಮಾಡಬೇಕೋ ಎಂದು ನಮ್ಮ ತಂದೆಯ ಕಾಲದಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಕೊನೆಗೆ ಹೊತ್ತನ್ನೇ ಸಮ ಮಾಡಿದರು. ಮೇಲಿನ ತೋಟದವರು ಅಗಲವಾದ ಪೈಪ್ ಹಾಕಿಸಿಕೊಂಡು, ಅದೇ ಹೊತ್ತಿನಲ್ಲಿ ಹೆಚ್ಚು ನೀರು ಏರುವ ಹಾಗೆ ಮಾಡಿಕೊಂಡರು. ಫೋನಿನ ವಿಷಯದಲ್ಲಿ ಆ ಅಗಲವಾದ ಪೈಪ್ ಯಾವುದು ಎಂಬುದೇ ಈಗ ನನ್ನ ಪ್ರಶ್ನೆ.

ಶಾಲಾ ಶಿಕ್ಷಕಿ, ನಾಪೋಕ್ಲು

ಈ ಚರ್ಚೆಯಲ್ಲಿ ನಾನೂ ಒಂದು ಮಾತು ಹೇಳಬೇಕು. ಸಮಾನ ಹೊತ್ತು ಕೊಟ್ಟರೆ ನ್ಯಾಯ ಮುಗಿಯಿತು ಎಂಬ ಭಾವನೆ ನಿಮ್ಮಿಬ್ಬರ ಬರಹದಲ್ಲಿಯೂ ಕಾಣುತ್ತಿದೆ. ಅದನ್ನು ನಾನು ಒಪ್ಪಲಾರೆ. ಎಂಜಿನಿಯರ್ ಅವರ ಲೆಕ್ಕದಲ್ಲಿ ದಿಣ್ಣೆಯ ಮರೆಯಲ್ಲಿರುವ ಮೂರನೆಯ ಮನೆ ನಮ್ಮಲ್ಲಿ ಸಾಮಾನ್ಯವಾಗಿ ಲೈನ್ ಮನೆ, ಅಂದರೆ ತೋಟದ ಕಾರ್ಮಿಕರು ವಾಸಿಸುವ ಸಾಲುಮನೆ, ಆಗಿರುತ್ತದೆ. 2020 ಮತ್ತು 2021ರಲ್ಲಿ ಶಾಲೆ ಮುಚ್ಚಿದ್ದಾಗ ಆ ಮನೆಗಳ ಮಕ್ಕಳು ಪುಸ್ತಕ ಹಿಡಿದು ಗುಡ್ಡ ಹತ್ತಿ, ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಬಳಿ ಅಗಲವಾದ ಪೈಪ್ ಹಾಕಿಸಿಕೊಳ್ಳುವ ಶಕ್ತಿಯಿಲ್ಲ. ಅಂಗಡಿಯವರಿಗೆ 8.7 ಬಂದು ಆ ಮಗುವಿಗೆ 0.33 ಬರುವ ಹಂಚಿಕೆಯಲ್ಲಿ ಏನೋ ಕೊರತೆಯಿದೆ. ಯಾರಿಗೂ ಇದಕ್ಕಿಂತ ಕಡಿಮೆ ಆಗಕೂಡದು ಎಂಬ ಒಂದು ತಳಮಟ್ಟವನ್ನು ಹಾಕಲು ಸಾಧ್ಯವಿಲ್ಲವೇ?

ಇನ್ನೊಂದು ಸಂಶಯ. ಎಷ್ಟೋ ಮನೆಗಳಲ್ಲಿ ವಿಡಿಯೋ ನೋಡಲು ಬರುತ್ತದೆ, ಆದರೆ ಹೋಂವರ್ಕ್‌ನ ಒಂದು ಫೋಟೋ ಕಳುಹಿಸಲು ಬರುವುದಿಲ್ಲ. ಅದೇಕೆ?

ಸಂವಹನ ವಿಭಾಗದ ವಿದ್ಯಾರ್ಥಿನಿ, ಪೊನ್ನಂಪೇಟೆ

ಮೇಡಂ, ನಿಮ್ಮ ಮೊದಲನೆಯ ಪ್ರಶ್ನೆ ಈ ಶಾಸ್ತ್ರದ ನಡುಮನೆಯಲ್ಲಿಯೇ ಇರುವಂಥದ್ದು. ಪ್ರಮಾಣಾನುಗುಣ ನ್ಯಾಯಕ್ಕೆ ಗಣಿತದ ಅಡಿಪಾಯವನ್ನು ಕೇಂಬ್ರಿಜ್‌ನ ಫ್ರ್ಯಾಂಕ್ ಕೆಲ್ಲಿ ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ಹಾಕಿಕೊಟ್ಟರು. ಎಲ್ಲರ ವೇಗಗಳ ಲಾಗರಿದಮ್‌ಗಳ ಮೊತ್ತವನ್ನು ಗರಿಷ್ಠವಾಗಿಸುವುದು ಅದರ ಸಾರ. ಹಾಗೆ ಲೆಕ್ಕ ಹಾಕಿದಾಗ, ಮಗುವಿನ ವೇಗ 0.3ರಿಂದ 0.6ಕ್ಕೆ ಏರುವುದೂ ಅಂಗಡಿಯವರ ವೇಗ 9ರಿಂದ 18ಕ್ಕೆ ಏರುವುದೂ ಒಂದೇ ಬೆಲೆಯವಾಗುತ್ತವೆ. ಬಡವನ ಸಣ್ಣ ಏರಿಕೆಗೆ ತಕ್ಕ ಗೌರವ ಆ ಸೂತ್ರದೊಳಗೇ ಇದೆ ಎಂಬುದು ನನಗೆ ಮೊದಲ ಸಲ ಓದಿದಾಗ ಬಹಳ ಹಿಡಿಸಿತ್ತು. ಆದರೂ ತಳಮಟ್ಟದ ಭರವಸೆ ಅದರಲ್ಲಿ ಇಲ್ಲ ಎಂಬ ನಿಮ್ಮ ಮಾತು ನಿಜ.

ತಳಮಟ್ಟ ಹಾಕಲು ಖಂಡಿತ ಸಾಧ್ಯ. 4ಜಿಯಲ್ಲಿ ಮಾತಿನ ಕರೆಗೆ ಈಗಾಗಲೇ ಅಂಥದೊಂದು ಏರ್ಪಾಡಿದೆ. ಕರೆಯ ಪ್ಯಾಕೆಟ್ಟುಗಳು, ಅಂದರೆ ದತ್ತಾಂಶದ ಸಣ್ಣ ಕಟ್ಟುಗಳು, 20 ಮಿಲಿಸೆಕೆಂಡಿಗೊಂದರಂತೆ ಬರುತ್ತವೆ. ಅವಕ್ಕೆ ಕನಿಷ್ಠ ವೇಗದ ಭರವಸೆಯಿದೆ, 100 ಮಿಲಿಸೆಕೆಂಡಿನ ಗಡುವೂ ಇದೆ. ಉಳಿದ ಇಂಟರ್ನೆಟ್ ಬಳಕೆ ಸಾಮಾನ್ಯವಾಗಿ ಭರವಸೆಯಿಲ್ಲದ ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲಿನಲ್ಲಿಯೂ, ಒಂದು ಮಿತಿಗಿಂತ ಕೆಳಗಿಳಿದ ಫೋನುಗಳಿಗೆ ಹೆಚ್ಚಿನ ತೂಕ ಕೊಡುವಂತೆ ಷೆಡ್ಯೂಲರನ್ನು ಹೊಂದಿಸಬಹುದು. ಪಾಠದ ವಿಡಿಯೋ ಮೊದಲು, ಸಿನಿಮಾ ಆಮೇಲೆ ಎಂದು ವಿಷಯ ನೋಡಿ ತಾರತಮ್ಯ ಮಾಡುವುದಕ್ಕೆ ಮಾತ್ರ 2018ರಲ್ಲಿ ಸರ್ಕಾರ ಒಪ್ಪಿದ ನೆಟ್ ನ್ಯೂಟ್ರಾಲಿಟಿ ನಿಯಮಗಳು ಅಡ್ಡ ಬರುತ್ತವೆ. ಆ ನಿಯಮಗಳು ಇರಲೇಬೇಕೆಂದು ನನ್ನ ಅಭಿಪ್ರಾಯ. ಆದ್ದರಿಂದ ಮನವಿಯಲ್ಲಿ ಮಕ್ಕಳಿಗಾಗಿ ಎಂದು ಬರೆಯುವ ಬದಲು, ಸಿಗ್ನಲ್ ಕಡಿಮೆಯಿರುವ ಎಲ್ಲರಿಗೂ ಒಂದು ಕನಿಷ್ಠ ವೇಗ ಎಂದು ಬರೆಯುವುದು ಒಳ್ಳೆಯದು. 2023ರಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಮೆಗಾಬಿಟ್ ವೇಗ ಇರಬೇಕೆಂಬ ವ್ಯಾಖ್ಯೆ ಜಾರಿಯಲ್ಲಿದೆ. ಮನವಿಯಲ್ಲಿ ಆ ಅಂಕಿಯನ್ನು ಆಧಾರವಾಗಿ ಹಿಡಿಯಬಹುದು.

ಫೋಟೋ ಕಳುಹಿಸಲು ಆಗದಿರುವುದಕ್ಕೆ ಕಾರಣ ಬಲದ ಅಸಮತೆ. ಟವರ್ ಹತ್ತಾರು ವ್ಯಾಟ್ ಬಲದಲ್ಲಿ ಮಾತನಾಡುತ್ತದೆ. ಫೋನಿನ ಗರಿಷ್ಠ ಬಲ 200 ಮಿಲಿವ್ಯಾಟ್. ಟವರಿನ ಮಾತು ಮನೆಗೆ ಕೇಳಿಸಿದರೂ ಮನೆಯ ಮಾತು ಟವರಿಗೆ ಕೇಳಿಸುವುದಿಲ್ಲ. ಅಂಥ ಫೋನಿಗೆ ಟವರ್ 50 ತುಂಡುಗಳನ್ನು ಬಿಟ್ಟುಕೊಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಇರುವ ಅಲ್ಪ ಬಲವನ್ನು ಅಷ್ಟು ಅಗಲಕ್ಕೆ ಹರಡಲು ಅದಕ್ಕೆ ಆಗದು. ಒಂದೆರಡು ತುಂಡುಗಳಲ್ಲಿಯೇ ಅದು ನಿಧಾನವಾಗಿ ಕಳುಹಿಸಬೇಕು.

ಹೋಂಸ್ಟೇ ನಡೆಸುವವನು, ಗಾಳಿಬೀಡು

ಟವರ್ ವಿಷಯದ ನಡುವೆ ವೈಫೈ ವಿಷಯ ತರುತ್ತಿದ್ದೇನೆ, ಕ್ಷಮಿಸಿ. ಆದರೆ ಇದೂ ಹಂಚಿಕೆಯದೇ ಸಮಸ್ಯೆ. ನಮ್ಮಲ್ಲಿ ಫೈಬರ್ ಸಂಪರ್ಕವಿದೆ, 50 ಮೆಗಾಬಿಟ್. ಐದು ಕೋಣೆಗಳು, ತುಸು ದೂರದಲ್ಲಿ ಒಂದು ಕಾಟೇಜ್. ಆ ಕಾಟೇಜಿನಲ್ಲಿ ಅತಿಥಿಗಳು ಇದ್ದ ದಿನ ಮಾತ್ರ ಮುಖ್ಯ ಮನೆಯಲ್ಲಿರುವವರಿಗೂ ವೈಫೈ ಬಹಳ ನಿಧಾನವಾಗುತ್ತದೆ. ಅವರಲ್ಲಿ ಯಾರಾದರೂ ಮಾಂದಲ್‌ಪಟ್ಟಿಯಲ್ಲಿ ತೆಗೆದ ವಿಡಿಯೋಗಳನ್ನು ಕಳುಹಿಸಲು ಕುಳಿತರೆ ಎಲ್ಲರ ಫೋನುಗಳೂ ಸ್ತಬ್ಧವಾಗುತ್ತವೆ. ಕಾಟೇಜಿನವರು ಬಳಸುವ ದತ್ತಾಂಶವೇನೂ ಹೆಚ್ಚಲ್ಲ.

ನೆಟ್‌ವರ್ಕ್ ಎಂಜಿನಿಯರ್, ಮೈಸೂರು

ಕ್ಷಮೆಯ ಅಗತ್ಯವಿಲ್ಲ, ಬೆಳೆಗಾರರ ಊರಿನವರು ಕೇಳಬೇಕೆಂದಿರುವ ಸಮಾನ ವೇಗವು ಜಾರಿಯಾದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಮನೆಯೇ ಉದಾಹರಣೆ. ವೈಫೈಯಲ್ಲಿ ಮೂಲತಃ ಟವರಿನಂತೆ ಸರದಿ ಕೊಡುವವರು ಯಾರೂ ಇಲ್ಲ. ಪ್ರತಿಯೊಂದು ಸಾಧನವೂ ಗಾಳಿ ಖಾಲಿಯಿದೆಯೇ ಎಂದು ಕಿವಿಗೊಟ್ಟು ಕೇಳಿ, ಒಂದಿಷ್ಟು ಕಾದು, ತನ್ನ ಪ್ಯಾಕೆಟ್ಟನ್ನು ಕಳುಹಿಸುತ್ತದೆ. ಪ್ಯಾಕೆಟ್ಟುಗಳ ಲೆಕ್ಕದಲ್ಲಿ ಎಲ್ಲರಿಗೂ ಸಮಾನ ಅವಕಾಶ ಸಿಗುತ್ತದೆ. ದೂರದ ಕಾಟೇಜಿನ ಫೋನು ಒಂದು ಪ್ಯಾಕೆಟ್ಟಿಗೆ ಹತ್ತು ಪಟ್ಟು ಹೊತ್ತು ತೆಗೆದುಕೊಂಡರೆ, ಅಷ್ಟು ಹೊತ್ತೂ ಉಳಿದವರು ಸುಮ್ಮನಿರಬೇಕು. 2003ರಲ್ಲಿಯೇ ಫ್ರಾನ್ಸಿನ ಸಂಶೋಧಕರು ಇದನ್ನು ಅಳೆದು, 11 ಮೆಗಾಬಿಟ್ ವೇಗದ ಕಂಪ್ಯೂಟರುಗಳ ನಡುವೆ 1 ಮೆಗಾಬಿಟ್ ವೇಗದ್ದೊಂದು ಸೇರಿದರೆ ಎಲ್ಲವೂ ಅದರ ಮಟ್ಟದ ಹತ್ತಿರಕ್ಕೆ ಇಳಿಯುತ್ತವೆ ಎಂದು ತೋರಿಸಿದರು.

ಕಾಟೇಜಿಗೆ ಒಂದು ತಂತಿ ಎಳೆದು, ಅಲ್ಲಿಯೇ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಪೆಟ್ಟಿಗೆ, ಇಡಿ. 2.4 ಗಿಗಾಹರ್ಟ್ಸ್ ಬಳಸುವುದಾದರೆ ಮುಖ್ಯ ಮನೆಯದು 1ನೇ ಚಾನೆಲ್, ಕಾಟೇಜಿನದು 6 ಅಥವಾ 11 ಇರಲಿ. ವಿಡಿಯೋ ಕಳುಹಿಸುವಾಗ ಎಲ್ಲವೂ ನಿಲ್ಲುವುದು ಬೇರೆ ರೋಗ: ರೌಟರ್ ಹೊರಹೋಗಬೇಕಾದ ಪ್ಯಾಕೆಟ್ಟುಗಳನ್ನು ಮಿತಿಯಿಲ್ಲದೆ ಪೇರಿಸಿಕೊಳ್ಳುತ್ತದೆ, ಬೇರೆಯವರ ಚಿಕ್ಕ ಪ್ಯಾಕೆಟ್ಟು ಆ ರಾಶಿಯ ಹಿಂದೆ ಸೆಕೆಂಡುಗಟ್ಟಲೆ ನಿಲ್ಲುತ್ತದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಅವರು ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಒಂದು ಪ್ಯಾಕೆಟ್ಟು ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನೇ ನೋಡಿ, ಅದು ಹೆಚ್ಚಾದಾಗ ಕೆಲವನ್ನು ಬೀಳಿಸಿ, ಕಳುಹಿಸುವವರಿಗೆ ನಿಧಾನಿಸುವ ಸೂಚನೆ ಕೊಡುವ ವಿಧಾನವದು. ಪ್ರತಿಯೊಬ್ಬರಿಗೂ ಬೇರೆ ಸಾಲು ಮಾಡುವ ಅದರ ಸುಧಾರಿತ ರೂಪ ಈಗ ಅನೇಕ ರೌಟರುಗಳಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದನ್ನು ಚಾಲನೆ ಮಾಡಿ, ನಿಮ್ಮ ಸಂಪರ್ಕದ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಅಂಕಿಯನ್ನು ಮಿತಿಯಾಗಿ ಕೊಡಿ.

ವ್ಯಾಪಾರಿ, ಭಾಗಮಂಡಲ

ತುಲಾ ಸಂಕ್ರಮಣದಂದು ನಮ್ಮಲ್ಲಿ ಆಗುವುದು ಇದೆಲ್ಲಕ್ಕಿಂತ ಬೇರೆ. ಅಕ್ಟೋಬರ್ 17 ಅಥವಾ 18ರಂದು ತಲಕಾವೇರಿಯಲ್ಲಿ ತೀರ್ಥೋದ್ಭವದ ಹೊತ್ತಿಗೆ ಸಾವಿರಾರು ಜನ ಸೇರುತ್ತಾರೆ. ಫೋನಿನಲ್ಲಿ ಕಡ್ಡಿಗಳು ತುಂಬಿರುತ್ತವೆ, ಆದರೆ ಐವತ್ತು ರೂಪಾಯಿಯ ಯುಪಿಐ ಪಾವತಿಯೂ ಹೋಗುವುದಿಲ್ಲ. ಅದಕ್ಕೆ ಬೇಕಾದ ದತ್ತಾಂಶ ಎಷ್ಟು ಮಾತ್ರ! ವೇಗ ಕಡಿಮೆಯಾದರೆ ತಡವಾಗಿಯಾದರೂ ಹೋಗಬೇಕಲ್ಲವೇ?

ಸಂವಹನ ವಿಭಾಗದ ವಿದ್ಯಾರ್ಥಿನಿ, ಪೊನ್ನಂಪೇಟೆ

ಅಣ್ಣ, ಅಲ್ಲಿ ಸರದಿ ಹಂಚುವುದಕ್ಕಿಂತ ಮುಂಚಿನ ಹಂತವೇ ಕಟ್ಟಿಕೊಂಡಿರುತ್ತದೆ. ಸುಮ್ಮನಿದ್ದ ಫೋನು ಏನಾದರೂ ಕಳುಹಿಸಬೇಕಾದರೆ ಮೊದಲು ತಾನಿದ್ದೇನೆಂದು ಟವರಿಗೆ ಕೂಗಿ ಹೇಳಬೇಕು. ಆ ಕೂಗಿಗೆ ಒಂದು ಸೆಲ್‌ನಲ್ಲಿ, ಅಂದರೆ ಟವರಿನ ಒಂದು ವ್ಯಾಪ್ತಿಯಲ್ಲಿ, 64 ಸಂಕೇತಗಳಿವೆ. ಫೋನು ಅವುಗಳಲ್ಲೊಂದನ್ನು ತನಗೆ ತೋಚಿದಂತೆ ಆರಿಸಿಕೊಳ್ಳುತ್ತದೆ. ಇಬ್ಬರು ಒಂದೇ ಗಳಿಗೆಯಲ್ಲಿ ಒಂದೇ ಸಂಕೇತವನ್ನು ಆರಿಸಿಕೊಂಡರೆ ಡಿಕ್ಕಿಯಾಗಿ ಮತ್ತೆ ಪ್ರಯತ್ನಿಸಬೇಕಾಗುತ್ತದೆ. ಈ ವಿಧಾನದ ಪೂರ್ವಜ 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಕಟ್ಟಿದ ಅಲೋಹಾ ಜಾಲ. ಯಾರೂ ಯಾರನ್ನೂ ಕೇಳದೆ ಕಳುಹಿಸುವ ಆ ಜಾಲದಲ್ಲಿ ನೂರಕ್ಕೆ 18 ಭಾಗದಷ್ಟು ಹೊತ್ತು ಮಾತ್ರ ಸಾರ್ಥಕವಾಗುತ್ತಿತ್ತು. ಎಲ್ಲರೂ ನಿಗದಿತ ಗಳಿಗೆಯಲ್ಲಿಯೇ ಶುರುಮಾಡಬೇಕು ಎಂಬ ನಿಯಮ ಸೇರಿಸಿದಾಗ ಅದು ನೂರಕ್ಕೆ 37ರ ಹತ್ತಿರಕ್ಕೆ ಏರಿತು. ಅದಕ್ಕಿಂತ ಹೆಚ್ಚು ಜನ ಕೂಗತೊಡಗಿದರೆ ಸಾರ್ಥಕವಾದ ಹೊತ್ತು ಏರುವ ಬದಲು ಇಳಿಯುತ್ತಾ ಹೋಗುತ್ತದೆ. ತೀರ್ಥೋದ್ಭವದ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ವಿಡಿಯೋ ಕಳುಹಿಸಲು ಹೊರಟಾಗ ಆಗುವುದು ಅದೇ. ಪಾವತಿ ಹೋಗದಿದ್ದರೆ ಬೆನ್ನುಬೆನ್ನಿಗೆ ಒತ್ತದೆ ಒಂದೆರಡು ನಿಮಿಷ ಬಿಟ್ಟು ಪ್ರಯತ್ನಿಸಲು ಗಿರಾಕಿಗಳಿಗೆ ಹೇಳಿ.

ಒಬ್ಬರು ಹೇಳಿ ಎಲ್ಲರೂ ಕೇಳುವ ಸಂದೇಶಕ್ಕೆ ಈ ತೊಂದರೆಯಿಲ್ಲ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನುಗಳೆಲ್ಲ ಒಮ್ಮೆಗೇ ಜೋರಾಗಿ ಸದ್ದು ಮಾಡಿ ಪರೀಕ್ಷಾ ಎಚ್ಚರಿಕೆಯೊಂದನ್ನು ತೋರಿಸಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್. ಟವರ್ ಒಮ್ಮೆ ಸಾರಿದರೆ ಸಾಕು. ಕೇಳುವ ಫೋನು ಹತ್ತಿದ್ದರೂ ಹತ್ತು ಸಾವಿರವಿದ್ದರೂ ಖರ್ಚಾಗುವ ಬ್ಯಾಂಡ್‌ವಿಡ್ತ್ ಅಷ್ಟೇ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ನಮ್ಮ ಜಿಲ್ಲೆಗೆ ಇದು ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಶಾಲಾ ಶಿಕ್ಷಕಿ, ನಾಪೋಕ್ಲು

ಮಳೆಗಾಲದಲ್ಲಿ ಇದೆಲ್ಲ ಇನ್ನೂ ಹದಗೆಡುತ್ತದೆ. ಮಳೆ ಸಿಗ್ನಲನ್ನು ನುಂಗುತ್ತದೆ ಎಂಬ ಮಾತು ನಿಜವೇ?

ನೆಟ್‌ವರ್ಕ್ ಎಂಜಿನಿಯರ್, ಮೈಸೂರು

ಫೋನಿಗೂ ಟವರಿಗೂ ನಡುವೆ ಬೀಳುವ ಮಳೆಹನಿಗಳಿಂದ 1800 ಮೆಗಾಹರ್ಟ್ಸ್‌ಗೆ ಗಣನೀಯ ನಷ್ಟವಿಲ್ಲ. ನೆನೆದ ಎಲೆಗಳಿಂದ ನಷ್ಟವಿದೆ. ಸಿಲ್ವರ್ ಮರಗಳೂ ಕಾಡುಮರಗಳೂ ದಟ್ಟವಾಗಿರುವ ನಮ್ಮ ತೋಟಗಳಲ್ಲಿ ಅದು ಒಂದೆರಡು ಮೆಟ್ಟಿಲು ಇಳಿಸಬಲ್ಲದು. ಹೆಚ್ಚಿನ ಪೆಟ್ಟು ಬೀಳುವುದು ಟವರಿನ ಹಿಂದೆ. ಬೆಟ್ಟದ ಎಷ್ಟೋ ಟವರುಗಳಿಗೆ ಫೈಬರ್ ಇಲ್ಲ. ಒಂದು ಡಿಶ್‌ನಿಂದ ಇನ್ನೊಂದು ಡಿಶ್‌ಗೆ ಮೈಕ್ರೋವೇವ್ ಮೂಲಕ ಸಂಪರ್ಕವಿರುತ್ತದೆ. 15 ಗಿಗಾಹರ್ಟ್ಸ್ ಮತ್ತು ಅದಕ್ಕಿಂತ ಮೇಲಿನ ಆ ಸಂಪರ್ಕವನ್ನು ಜಡಿಮಳೆ ನಿಜವಾಗಿಯೂ ನುಂಗುತ್ತದೆ, ಆಗ ಟವರಿನ ಇಡೀ ಪಾಲೇ ಕುಗ್ಗುತ್ತದೆ. ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ಪಕ್ಕದ ಊರಿನ ಟವರ್ ಆರಿಹೋಗಿ, ಅಲ್ಲಿಯ ಫೋನುಗಳೆಲ್ಲ ದೂರದ ನಿಮ್ಮ ಟವರಿಗೆ ಜೋತುಬೀಳುತ್ತವೆ. ಅವು ದುರ್ಬಲ ಸಿಗ್ನಲ್‌ನ ಫೋನುಗಳಾದ್ದರಿಂದ ಎರಡು ಪಟ್ಟು ಹೊರೆ.

ಹೋಂಸ್ಟೇ ನಡೆಸುವವನು, ಗಾಳಿಬೀಡು

ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ನಾಲ್ಕೈದು ಸಾವಿರಕ್ಕೆ ಸಿಗುತ್ತದೆ. ಅಗಲವಾದ ಪೈಪ್ ಅದೇ ಅಲ್ಲವೇ?

ನೆಟ್‌ವರ್ಕ್ ಎಂಜಿನಿಯರ್, ಮೈಸೂರು

ದಯವಿಟ್ಟು ಅದನ್ನು ಯಾರೂ ಹಾಕಿಸಬೇಡಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ಅದಕ್ಕಿಂತ ಮಿಗಿಲಾಗಿ, ಆ ಅಗ್ಗದ ಪೆಟ್ಟಿಗೆ ನಿಮ್ಮ ಫೋನಿನ ಮಾತಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸಿ ಟವರಿನ ಕಿವಿಗೆ ಸುರಿಯುತ್ತದೆ. ಆಗ ದುರ್ಬಲವಾಗಿ ಮಾತನಾಡುವ ಎಲ್ಲ ಮನೆಗಳ ಧ್ವನಿಯೂ ಅದರಲ್ಲಿ ಮುಳುಗಿಹೋಗುತ್ತದೆ. ಟೀಚರ್ ಹೇಳಿದ ಮಕ್ಕಳೇ ಅದಕ್ಕೆ ಮೊದಲು ಬಲಿಯಾಗುವವರು.

ಸರಿಯಾದ ಪೈಪ್ ಎಂದರೆ ಸಿಮ್ ಹಾಕುವ 4ಜಿ ರೌಟರ್ ಮತ್ತು ಅದಕ್ಕೆ ಜೋಡಿಸಿ ಮನೆಯ ಮಾಡಿನ ಮೇಲೆ ಟವರಿನ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುವ ಆಂಟೆನಾ. ಇದು ಹೊಸದಾಗಿ ಏನನ್ನೂ ಹಿಗ್ಗಿಸುವುದಿಲ್ಲ. ಕಿವಿಯನ್ನು ಗೋಡೆಯ ಹೊರಗೆ, ಎತ್ತರದಲ್ಲಿ, ಸರಿಯಾದ ದಿಕ್ಕಿಗೆ ಇಡುತ್ತದೆ. ನಿಮ್ಮ ಮೆಟ್ಟಿಲು ಐದರಿಂದ ಒಂಬತ್ತಕ್ಕೆ ಏರಿದರೆ ಅದೇ ಸರದಿಯಲ್ಲಿ ಎರಡೂವರೆ ಪಟ್ಟು ದತ್ತಾಂಶ ಬರುತ್ತದೆ. ನಿಮ್ಮ ಕೆಲಸ ಬೇಗ ಮುಗಿಯುವುದರಿಂದ ಉಳಿದ ಹೊತ್ತು ಬೇರೆಯವರಿಗೆ ಹೋಗುತ್ತದೆ. ಹಂಚಿಕೆಯ ನಿಯಮ ಬದಲಿಸಿದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ; ದುರ್ಬಲ ತುದಿಯನ್ನು ಬಲಪಡಿಸಿದರೆ ಇಡೀ ಕಣಿವೆಗೆ ಲಾಭ. ಮನವಿಯ ಮುಖ್ಯ ಬೇಡಿಕೆಯೂ ಇದೇ ದಿಕ್ಕಿನಲ್ಲಿರಲಿ. ಅದೇ ಟವರಿನಲ್ಲಿ 700, 850 ಅಥವಾ 900 ಮೆಗಾಹರ್ಟ್ಸ್‌ನಂತಹ ಕೆಳಗಿನ ಬ್ಯಾಂಡನ್ನು ಹಾಕಿ ಎಂದು ಕೇಳಿ. ಅದು ಮರಗಳ ನಡುವೆಯೂ ದಿಣ್ಣೆಯ ಅಂಚಿನಲ್ಲಿಯೂ 1800ಕ್ಕಿಂತ ಚೆನ್ನಾಗಿ ತಲುಪುತ್ತದೆ. ಟವರಿಗೆ ಫೈಬರ್ ಎಳೆಯಲು ಮತ್ತು ಬ್ಯಾಟರಿ ಎಷ್ಟು ಗಂಟೆ ಬರಬೇಕೆಂದು ಲಿಖಿತವಾಗಿ ಒಪ್ಪಲು ಕೇಳಿ. ಕನಿಷ್ಠ ವೇಗದ ಬಗ್ಗೆ ಟೀಚರ್ ಹೇಳಿದ್ದನ್ನೂ ಸೇರಿಸಿ. ಮೊದಲು ನಾನು ಅದಕ್ಕೆ ಸಾಕಷ್ಟು ಗಮನ ಕೊಟ್ಟಿರಲಿಲ್ಲ.

ಕಕ್ಕಬ್ಬೆಯ ಬೆಳೆಗಾರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದೆವು. ದಿಕ್ಕು ಹೊಂದಿಸಲು ಅರ್ಧ ದಿನ ಹಿಡಿಯಿತು. ಟವರ್ ಕಣ್ಣಿಗೆ ಕಾಣದ ಕಾರಣ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎಸ್‌ಐಎನ್‌ಆರ್ ಅಂಕಿಯನ್ನೇ ನೋಡಬೇಕಾಯಿತು. ಈಗ ಮೈನಸ್ 97 ಮತ್ತು 11 ಬರುತ್ತಿದೆ. ಬೆಳಿಗ್ಗೆ 17 ಮೆಗಾಬಿಟ್, ರಾತ್ರಿ ಎಂಟಕ್ಕೆ 1.1. ನೀವು ಹೇಳಿದ ಹದಿನೈದರ ಲೆಕ್ಕ ಇಲ್ಲಿಯೂ ತಪ್ಪಲಿಲ್ಲ ಸರ್.

ಟೀಚರ್ ಅವರ ಮಾತು ಮನಸ್ಸಿನಲ್ಲಿತ್ತು. ನಮ್ಮ ಲೈನ್ ಮನೆಗಳಿಗೆ ತಂತಿ ಎಳೆದು ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್ ಇಟ್ಟಿದ್ದೇವೆ. ಅಲ್ಲಿಯ ನಾಲ್ಕು ಫೋನುಗಳು ಈಗ ದುರ್ಬಲ ಸಿಗ್ನಲ್‌ನಲ್ಲಿ ನೇರವಾಗಿ ಟವರನ್ನು ಹಿಡಿಯುವುದಿಲ್ಲ. ರೌಟರಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಸಾಲು ಮಾಡಿಸಿದ್ದೇನೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಿನ್ನೆ ಸಂಜೆ ತನ್ನ ಪ್ರಾಜೆಕ್ಟಿನ ಫೋಟೋಗಳನ್ನು ಮನೆಯಿಂದಲೇ ಕಳುಹಿಸಿದಳು.

ಮನವಿಯಿಂದ ಸರಿಸಮ ವೇಗದ ಬೇಡಿಕೆಯನ್ನು ತೆಗೆದಿದ್ದೇವೆ. ಸಭೆಯಲ್ಲಿ ಕೆರೆಯ ಉದಾಹರಣೆ ಕೊಟ್ಟು ವಿವರಿಸಿದಾಗ ಹಿರಿಯರು ಒಪ್ಪಿದರು. ಕೆಳಗಿನ ಬ್ಯಾಂಡ್, ಫೈಬರ್, ಬ್ಯಾಟರಿ ಮತ್ತು ಕನಿಷ್ಠ ವೇಗ ಇವಿಷ್ಟನ್ನು ಬರೆದು, ಜೊತೆಗೆ ಹನ್ನೆರಡು ಮನೆಗಳಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಅಳೆದ ಅಂಕಿಗಳ ಪಟ್ಟಿಯನ್ನು ಇಡುತ್ತಿದ್ದೇವೆ. ಕಣಿವೆಯ ಆಚೆ ಬದಿಯ ಐದು ಮನೆಗಳ ಅಳತೆ ಇನ್ನೂ ಬಾಕಿಯಿದೆ. ಟೀಚರ್, ಆ ಕಡೆಯಿಂದ ನಿಮ್ಮ ಶಾಲೆಗೆ ಬರುವ ಮಕ್ಕಳ ಮನೆಯವರು ಒಪ್ಪಿದರೆ ಈ ಭಾನುವಾರ ನಾನೇ ನೋಟ್‌ಬುಕ್ ತೆಗೆದುಕೊಂಡು ಬರುತ್ತೇನೆ.

ಶಾಲಾ ಶಿಕ್ಷಕಿ, ನಾಪೋಕ್ಲು

ಬನ್ನಿ. ಮೂರು ಮನೆಯವರು ಈಗಾಗಲೇ ಒಪ್ಪಿದ್ದಾರೆ. ಉಳಿದವರನ್ನು ನಾಳೆ ಕೇಳುತ್ತೇನೆ. ರಾತ್ರಿಯ ಅಳತೆಯೂ ಬೇಕಾಗಿರುವುದರಿಂದ ಎಂಟು ಗಂಟೆಯವರೆಗೆ ಅಲ್ಲಿಯೇ ಇರುವಂತೆ ಬನ್ನಿ. ಆನೆ ಓಡಾಡುವ ದಾರಿಯಾದ್ದರಿಂದ, ಹಿಂದಿರುಗುವಾಗ ಜೀಪ್ ಇರಲಿ.